ಬೆಳಕಿಂಡಿಯ ಕೆಳಗಿನ ಕಾರು

ನನ್ನ ಮೇಜಿನ ಮೇಲಿರುವ ಪುಟ್ಟ ಕಾರುಗಳಲ್ಲಿ ಒಂದು ಮಾತ್ರ ಪೂರ್ತಿಯಾಗಿಲ್ಲ. ಅದೊಂದು ಅಂಬಾಸಿಡರ್, ಎರಕದ ಲೋಹದ್ದು, ನನ್ನ ಅಂಗೈಯಲ್ಲಿ ಕೂರುವಷ್ಟು. ಅದರ ಎಡಬದಿ ನೋಡುವಂತಿಲ್ಲ. ಕಿಟಕಿಯ ಸುತ್ತ ಬೂದು ಬಣ್ಣದ ಗೆರೆ ಹಾವು ಹರಿದಂತೆ ಹರಿದಿದೆ, ಹಿಂದಿನ ಬಾಗಿಲ ಮೇಲೆ ಒಂದು ಹೆಬ್ಬೆರಳಿನ ಗುರುತಿದೆ. ಬಲಬದಿಯನ್ನು ಮಾತ್ರ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಕಿಟಕಿಯ ಅಂಚಿಗೆ, ಬಾಗಿಲ ಕೆಳಗಿನ ಪಟ್ಟಿಗೆ, ಬಂಪರಿನ ಅರ್ಧಕ್ಕೆ ಬೆಳ್ಳಿ ಬಣ್ಣದ ಗೆರೆ, ಕೂದಲೆಳೆಯಷ್ಟು ತೆಳ್ಳಗೆ, ಎಲ್ಲೂ ನಡುಗದೆ ಹೋಗಿದೆ. ಮುಂದಿನ ಬಾಗಿಲ ಹಿಡಿಕೆಯೊಂದಕ್ಕೆ ಬಣ್ಣ ಬಿದ್ದಿಲ್ಲ. ಅದು ಮರೆತು ಉಳಿದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತನಾಗಿ ಈಗ ನವಲಗುಂದದಲ್ಲಿ ಒಂದು ಮಹಡಿಯ ಮನೆಯಲ್ಲಿ ಒಬ್ಬನೇ ಇದ್ದೇನೆ. ಯಾವ ಊರಿನಲ್ಲೂ, ಯಾವ ವಿಚಾರದಲ್ಲೂ ಬಹಳ ದಿನ ನಿಲ್ಲದ ನಾನು ನಿಂತದ್ದು ಈ ಕೆಲಸದಲ್ಲಿ ಮಾತ್ರ: ಸಣ್ಣ ಕಾರುಗಳ ದೀಪ, ಮೂತಿಯ ಜಾಲರಿ, ಕಿಟಕಿಯಂಚುಗಳಿಗೆ ಬಣ್ಣ ಹಚ್ಚುವುದು. ಕಾರನ್ನು ಎಡ ಅಂಗೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿಯುತ್ತೇನೆ. ಮನೆಯ ಹಿರಿಯರೆಲ್ಲ ಪೂಜೆಯಲ್ಲಿ ಲಿಂಗವನ್ನು ಹಿಡಿಯುತ್ತಿದ್ದುದು ಹಾಗೆಯೇ. ಪೂಜೆಯನ್ನು ನಾನು ವಿಶ್ವವಿದ್ಯಾಲಯದ ಮೊದಲ ವರ್ಷವೇ ಬಿಟ್ಟೆ. ಅಂಗೈ ಮಾತ್ರ ಬಿಡಲಿಲ್ಲ.

ಬಲಬದಿಯ ಆ ಗೆರೆಯ ಬಗ್ಗೆ ನನ್ನ ಬಳಿ ಒಂದು ಕಥೆಯಿತ್ತು. ಅದನ್ನು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ, ಹೆಂಡತಿ ಇದ್ದಾಗ ಅವಳಿಗೆ ಹೇಳಿದ್ದೇನೆ, ರೈಲಿನಲ್ಲಿ ಪಕ್ಕ ಕುಳಿತವರಿಗೂ ಹೇಳಿದ್ದೇನೆ. ಈ ಅಧ್ಯಾಯ ಆ ಕಥೆ ಮುರಿದುಬಿದ್ದದ್ದರ ಬಗ್ಗೆ.

ಮೊರಬದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಗೋಡೆ ಎರಡು ಮೊಳ ದಪ್ಪ, ಕಿಟಕಿ ಇಲ್ಲ. ಪಡಸಾಲೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿ ಬಿಟ್ಟ ಒಂದೇ ಒಂದು ಚೌಕ ಬೆಳಕಿಂಡಿಯಿಂದ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಪಾಲಾದರು. ಹೊಲ ಜಗಳವಿಲ್ಲದೆ ಹಂಚಿಹೋಯಿತು, ಎತ್ತು ಹಂಚಿಹೋದವು, ತಾಮ್ರದ ಹಂಡೆಗಳೂ ಹಂಚಿಹೋದವು. ಪಾಲು ತಡೆದು ನಿಂತದ್ದು ಬೆಳಕಿಂಡಿಯ ಹತ್ತಿರ. ಅಪ್ಪ ಊರಿನ ಸಾಲೆಯಲ್ಲಿ ಮಾಸ್ತರ, ಹುಡುಗರ ಪಾಟಿ ಪುಸ್ತಕ ನೋಡಲು ಬೆಳಕು ಬೇಕು. ಕಾಕಾ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಲಾರಿಗಳಿಗೆ ಬಣ್ಣದ ಪಟ್ಟಿ ಎಳೆಯುವವನು, ಮನೆಗೂ ಅಂಗಡಿಗಳ ಹೆಸರಿನ ಹಲಗೆಗಳನ್ನು ತಂದು ಬರೆಯುವವನು, ಅವನಿಗೂ ಬೆಳಕು ಬೇಕು. ಗೋಡೆ ಎಲ್ಲಿ ಕಟ್ಟಿದರೂ ಬೆಳಕಿಂಡಿ ಒಬ್ಬರ ಪಾಲಿಗೇ ಹೋಗುತ್ತಿತ್ತು. ಹಿರಿಯರು ಬಂದು ಕೂತು, ಚಹಾ ಕುಡಿದು, ಕೊನೆಗೆ ಬೆಳಕಿಂಡಿಯ ನಟ್ಟನಡುವೆ ದಾರ ಇಳಿಬಿಟ್ಟು, ಅದರ ಕೆಳಗೆ ನೆಲದ ಮೇಲೆ ಸುಣ್ಣದ ಗೆರೆ ಹಾಕಿಸಿದರು. ಗೋಡೆ ಆಮೇಲೆ ನೋಡೋಣ ಅಂದರು. ಪಡುವಣ ಅರ್ಧ ನಮ್ಮದು, ಮೂಡಣ ಅರ್ಧ ಅವರದು. ಅಂದು ಅಪ್ಪ ಏನೋ ಅಂದ. ಏನೆಂದು ನನಗೆ ನೆನಪಿಲ್ಲ. ಕಾಕಾ ಎದ್ದು ಕೊರಳ ಲಿಂಗವನ್ನು ಮುಟ್ಟಿಕೊಂಡು ಹೇಳಿದ್ದು ನೆನಪಿದೆ:

“ಇನ್ನ ಮ್ಯಾಲ ನಾನಾಗಿ ಈ ಕಡಿಯವರನ್ನ ಮಾತಾಡ್ಸಂಗಿಲ್ಲ. ಇದು ಆಣಿ.”

ಅಲ್ಲಿಂದ ಮನೆ ಎರಡು ಒಲೆಯದಾಯಿತು. ಎರಡೂ ಕಡೆ ಒಂದೇ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ. ಒಂದು ಕಡೆ ಪುಂಡಿಪಲ್ಯವಾದರೆ ಇನ್ನೊಂದು ಕಡೆಗೂ ಘಮ ಬರುತ್ತಿತ್ತು, ಬಟ್ಟಲು ಬರುತ್ತಿರಲಿಲ್ಲ. ನಮ್ಮ ಕಡೆಯ ಲಿಂಬೆಹಣ್ಣು ಉರುಳಿ ಗೆರೆ ದಾಟಿದರೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅದನ್ನು ಕಸಬರಿಗೆಯಿಂದ ನಮ್ಮ ಕಡೆಗೆ ತಳ್ಳುತ್ತಿದ್ದಳು. ಆದರೂ ಒಂದೇ ಸೂರಿನಡಿ ನಾಲ್ಕು ಜನ ದೊಡ್ಡವರು ಮಾತಿಲ್ಲದೆ ಬದುಕುವುದಾಗುವುದಿಲ್ಲ. ಅದಕ್ಕೆ ಬೆಕ್ಕಿತ್ತು. ಅದು ಯಾರ ಪಾಲಿಗೂ ಬಂದಿರಲಿಲ್ಲ, ಎರಡೂ ಕಡೆ ಹಾಲು ಕುಡಿಯುತ್ತಿತ್ತು. ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು.

“ಏ ಬೆಕ್ಕ, ಅವ್ರಿಗೆ ಹೇಳು, ನಳದಾಗ ನೀರ ಬಂದಾವು,” ಎಂದು ಚಿಗವ್ವ.

“ಬೆಕ್ಕವ್ವಾ, ನಾವು ಆಗಳೆ ತುಂಬೇವಿ ಅಂತ ಹೇಳಿಬಾ,” ಎಂದು ಅವ್ವ.

ಬೆಕ್ಕು ಇಬ್ಬರನ್ನೂ ನೋಡಿ ಕಣ್ಣು ಮುಚ್ಚುತ್ತಿತ್ತು. ನನಗೆ ಆಗ ಒಂಬತ್ತೋ ಹತ್ತೋ. ನನಗೆ ಒಡಹುಟ್ಟಿದವರಿಲ್ಲ, ಕಾಕಾನಿಗೆ ಮಕ್ಕಳಿಲ್ಲ. ಪಾಲಾಗುವ ಮುಂಚೆ ನಾನು ಹೆಚ್ಚು ಹೊತ್ತು ಇರುತ್ತಿದ್ದುದು ಅವನ ಹೆಗಲ ಮೇಲೆ ಎಂದು ಅವ್ವ ಹೇಳುತ್ತಿದ್ದಳು. ಗೆರೆ ಬಿದ್ದ ಮೇಲೆ ನನಗೂ ಅಪ್ಪನ ಕಟ್ಟಪ್ಪಣೆಯಾಗಿತ್ತು: ಆ ಕಡೆ ಕಾಲಿಡಬಾರದು. ಓಣಿಯ ಹುಡುಗರು ಆಡಲು ಕರೆಯುತ್ತಿರಲಿಲ್ಲ, ಮಾಸ್ತರನ ಮಗ ಚಾಡಿ ಹೇಳುತ್ತಾನೆಂದು. ನಾನು ಪಡಸಾಲೆಯಲ್ಲಿ ಬೆಳಕಿನ ಚೌಕದ ಜೊತೆ ಇರುತ್ತಿದ್ದೆ. ಮುಂಜಾನೆ ಅದು ನಮ್ಮ ಕಡೆಯ ಗೋಡೆಯಿಂದ ಇಳಿದು ನೆಲಕ್ಕೆ ಬರುತ್ತಿತ್ತು, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಮುಚ್ಚಳ ದಾಟುತ್ತಿತ್ತು, ನಡುಹಗಲಿಗೆ ಸರಿಯಾಗಿ ಗೆರೆಯ ಮೇಲೆ ಕೂರುತ್ತಿತ್ತು. ಆಮೇಲೆ ಕಾಕಾನ ಕಡೆಗೆ ಹೋಗಿಬಿಡುತ್ತಿತ್ತು. ಅದು ಹೋದ ಮೇಲೆ ನಮ್ಮ ಅರ್ಧದಲ್ಲಿ ಕತ್ತಲೆ ಎನ್ನಲಾಗದ, ಬೆಳಕೂ ಎನ್ನಲಾಗದ ಒಂದು ಹೊತ್ತು ಉಳಿಯುತ್ತಿತ್ತು. ನನ್ನ ಬಾಲ್ಯ ಎಂದರೆ ನನಗೆ ಮೊದಲು ನೆನಪಾಗುವುದು ಆ ಹೊತ್ತು.

ಕಾರನ್ನು ಕೊಟ್ಟವನು ಸೋದರಮಾವ. ಮೈಯೆಲ್ಲ ಒಂದೇ ಹಾಲುಬಣ್ಣ, ಬಂಪರೂ ದೀಪವೂ ಕಿಟಕಿಯಂಚೂ ಎಲ್ಲ ಅದೇ. ಊರಿಗೆ ಆಗಾಗ ಬರುತ್ತಿದ್ದ ಡಾಕ್ಟರರ ಕಾರನ್ನು ನಾನು ಹತ್ತಿರದಿಂದ ನೋಡಿದ್ದೆ. ಅದರ ಅಂಚುಗಳಲ್ಲಿ ಬಿಸಿಲು ಹರಿಯುತ್ತಿತ್ತು. ನನ್ನ ಕಾರು ಅದರ ಮುಂದೆ ಕಣ್ಣು ಬಿಡದ ಮರಿಯಂತಿತ್ತು. ಬಣ್ಣ ಎಲ್ಲಿ ತರುವುದು? ಅವ್ವ ಔಡಲೆಣ್ಣೆಯ ದೀಪದ ಮಸಿ ಹಿಡಿದು ಕಾಡಿಗೆ ಮಾಡುತ್ತಿದ್ದಳು. ಅದನ್ನೇ ಕದ್ದು, ತೆಳ್ಳಗಾಗಲೆಂದು ಇನ್ನಷ್ಟು ಔಡಲೆಣ್ಣೆ ಕಲಸಿ, ಕಸಬರಿಗೆ ಕಡ್ಡಿಯ ತುದಿ ಜಜ್ಜಿ ಎಡಬದಿಯ ಕಿಟಕಿಗೆ ಗೆರೆ ಎಳೆದೆ. ಔಡಲೆಣ್ಣೆ ಒಣಗುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ. ಒಂದು ದಿನ ಬಿಟ್ಟು ಮುಟ್ಟಿದರೂ ಬೆರಳಿಗೆ ಕರಿ, ಮೂರು ದಿನ ಬಿಟ್ಟರೂ ಕರಿ. ಅಭ್ಯಂಗದ ಮೈಗೆ ಪುಡಿ ಹಾಕಿದಂತೆ ಏನಾದರೂ ಉದುರಿಸಿದರೆ ಒಣಗೀತು ಅನ್ನಿಸಿ ದೇವರ ಜಗಲಿಯ ಮೇಲಿದ್ದ ವಿಭೂತಿ ತಂದು ಕೆರೆದು ಉದುರಿಸಿದೆ. ಗೆರೆ ಬೂದಿಬಣ್ಣವಾಯಿತು. ಆ ಕಡೆ ಕೂತು ಹಲಗೆ ಬರೆಯುತ್ತಿದ್ದ ಕಾಕಾ ಅದನ್ನು ನೋಡಿದ.

“ಏ ಬೆಕ್ಕ, ಕೇಳಲೇ ಅಂವನ್ನ. ಕಾರಿಗೆ ದೀಕ್ಷಾ ಆತೇನು? ಈಬತ್ತಿ ಹಚ್ಕೊಂಡೈತಿ!”

ಚಿಗವ್ವ ನಕ್ಕಳು. ಅಡುಗೆಮನೆಯಿಂದ ಅವ್ವನೂ ನಕ್ಕದ್ದು ಕೇಳಿಸಿತು. ನಾನು ಕಾರನ್ನು ಗೋಡೆಯ ಗೂಡಿನಲ್ಲಿ ಮುಖ ತಿರುಗಿಸಿ ಇಟ್ಟೆ. ಇಷ್ಟರವರೆಗೆ ನನಗೆ ಅನುಮಾನವಿಲ್ಲ, ಅಥವಾ ಅನುಮಾನಪಡಲು ಕಾರಣ ಸಿಕ್ಕಿಲ್ಲ.

ಇನ್ನು ನಾನು ಹೇಳಿಕೊಂಡು ಬಂದ ಕಥೆ. ಒಂದು ರವಿವಾರ ಮಧ್ಯಾಹ್ನ. ಅಪ್ಪ ಹೊಲಕ್ಕೆ ಹೋಗಿದ್ದ. ಬೆಳಕಿನ ಚೌಕ ಗೆರೆ ದಾಟಿತ್ತು. ಕಾಕಾ ಕೈಬೀಸಿ ನನ್ನನ್ನು ಕರೆದ. ನಾನು ಕಾರು ಹಿಡಿದು ಗೆರೆ ದಾಟಿದೆ. ಅವನ ಬಳಿ ಬೆಳ್ಳಿ ಬಣ್ಣದ ಸಣ್ಣ ಡಬ್ಬಿ, ಅಳಿಲಿನ ಕೂದಲಿನ ಕುಂಚ. ನನ್ನ ಬೆನ್ನಿಗೆ ಎದೆ ಹಚ್ಚಿ ಕೂತು, ಕುಂಚ ಹಿಡಿದ ನನ್ನ ಬಲಗೈ ಮೇಲೆ ತನ್ನ ಕೈ ಇಟ್ಟ. “ಉಸರ ಹಿಡಿ,” ಅಂದ. “ಕೈ ಓಡಸಬ್ಯಾಡ, ಕಾರ ತಿರಗಸು.” ಗೆರೆ ತಾನಾಗಿಯೇ ಬಂತು. ಸಂಜೆ ಅಪ್ಪ ಅದನ್ನು ನೋಡಿ ಬೆರಗಾದ.

“ಯಾರ್ ಮಾಡಿದ್ರೋ ಇದನ್ನ?”

“ನಾನ.”

ಅದು ಸುಳ್ಳೇನಲ್ಲ ಎಂದು ನಾನು ಕಥೆ ಹೇಳುವಾಗ ಸೇರಿಸುತ್ತಿದ್ದೆ. ಕುಂಚ ನನ್ನ ಕೈಯಲ್ಲೇ ಇತ್ತಲ್ಲ. ಅಪ್ಪ ಅಂದಿನಿಂದ ಆ ಕಾರನ್ನು ಬಲಬದಿ ಕಾಣುವಂತೆ ಪುಸ್ತಕದ ಗೂಡಿನ ಮೇಲೆ ಇಟ್ಟ. ಚಹಕ್ಕೆ ಬಂದ ಮಾಸ್ತರರಿಗೆ ತೋರಿಸುತ್ತಿದ್ದ, “ನಮ್ಮ ಹುಡುಗ ಮಾಡ್ಯಾನ್ರಿ, ಕೈ ನೋಡ್ರಿ ಎಂಥಾದ್ದೈತಿ.” ಅವರು ನನ್ನನ್ನು ಕೇಳಿದಾಗ ನಾನು ಪ್ರತಿ ಸಲವೂ ಹೌದ್ರಿ ಎಂದೆ. ಪಡಸಾಲೆಯಲ್ಲಿ ಗೋಡೆಯಿರಲಿಲ್ಲ. ಅಂದದ್ದೆಲ್ಲ ಆ ಕಡೆಗೂ ಕೇಳಿಸುತ್ತಿತ್ತು. ನಾನು ಹೌದ್ರಿ ಎಂದಾಗ ಆ ಕಡೆ ರೊಟ್ಟಿ ಮುರಿಯುವ ಸದ್ದು ನಿಂತಿತೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ಆ ‘ನಾನ’ ನನ್ನನ್ನು ಬೆಳೆಸಿತು. ನನ್ನ ಕೈ ಗಟ್ಟಿ ಎಂದು ನಾನು ನಂಬಿದೆ, ಒಬ್ಬನೇ ಕೂತು ಮಾಡುವ ಕೆಲಸವೆಲ್ಲ ನನಗೆ ದಕ್ಕುತ್ತದೆ ಎಂದು ನಂಬಿದೆ, ಬೇರೆಯವರ ಹತ್ತಿರ ಏನನ್ನೂ ಕೇಳದೆ ಬದುಕಬಹುದು ಎಂದೂ ನಂಬಿದೆ. ಹೆಂಡತಿ ಬಿಟ್ಟುಹೋಗುವ ದಿನ ಆಡಿದ ಮಾತು ಒಂದೇ, “ನೀವು ಯಾವತ್ತೂ ಏನೂ ಕೇಳಂಗಿಲ್ಲ.” ನಾನದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಮುಂದಿನ ವರ್ಷವೋ ಅದರಾಚೆಯ ವರ್ಷವೋ ಗೋಡೆ ಎದ್ದಿತು. ಗೌಂಡಿ ಅದನ್ನು ಸುಣ್ಣದ ಗೆರೆಯ ಮೇಲೇ ಕಟ್ಟುತ್ತ ಹೋದ, ಅದು ನೇರ ಬೆಳಕಿಂಡಿಗೆ ಹೋಗಿ ಮುಟ್ಟಿತು. ಇಬ್ಬರಲ್ಲಿ ಒಬ್ಬರೂ ಬಿಟ್ಟುಕೊಡದ್ದಕ್ಕೆ ಅದನ್ನು ಹಲಗೆ ಹಾಕಿ ಮಣ್ಣು ಬಡಿದು ಮುಚ್ಚಿದರು. ಅಂದು ಹಾಡಹಗಲು ಎರಡೂ ಕಡೆ ಬಲ್ಬು ಹಚ್ಚಿದೆವು. ಕೆಲವು ತಿಂಗಳಲ್ಲಿ ಕಾಕಾ, ಚಿಗವ್ವ ತಮ್ಮ ಅರ್ಧಕ್ಕೆ ಕೀಲಿ ಹಾಕಿ ಹುಬ್ಬಳ್ಳಿಗೆ ಹೋದರು. ಬೆಕ್ಕು ಬಹಳ ದಿನ ಗೋಡೆಯ ಬುಡದಲ್ಲಿ ಕೂರುತ್ತಿತ್ತು. ಆಮೇಲೆ ನಾನು ಕಾಕಾನನ್ನು ನೋಡಿದ್ದು ಅವನು ತೀರಿಕೊಂಡ ದಿನ, ಅವನನ್ನು ಹೂವಿನಲ್ಲಿ ಕೂರಿಸಿದ್ದಾಗ.

ಕಥೆಯ ಮೊದಲ ಇಟ್ಟಿಗೆ ತೆಗೆದವಳು ಅವ್ವ, ಅವಳ ಕೊನೆಯ ವರ್ಷಗಳಲ್ಲಿ. ನಾನು ಯಾರಿಗೋ ಇದನ್ನು ಹೇಳುತ್ತಿದ್ದಾಗ ಒಳಗಿನಿಂದ ಕೂಗಿದಳು:

“ಐತವಾರ ಅಂವ ಎಲ್ಲಿರ್ತಿದ್ದ ಮನ್ಯಾಗ? ಐತವಾರ ಲಾರಿ ಮಂದಿ ಬರ್ತಾರಂತ ಗ್ಯಾರೇಜಿಗೆ ಹೋಗಾಂವ. ಅಂವಗ ಸೂಟಿ ಸೋಮವಾರ.”

ಮುಪ್ಪಿನ ಮಾತು ಎಂದು ಬಿಟ್ಟೆ. ಎರಡನೆಯದನ್ನು ನಾನೇ ತೆಗೆದೆ. ಹೋದ ಬೇಸಿಗೆಯಲ್ಲಿ ಒಂದು ಕಾರಿನ ಕಿಟಕಿಯಂಚಿಗೆ ಬಣ್ಣ ಹಚ್ಚುತ್ತಿದ್ದವನು ಸುಮ್ಮನೆ ಕುತೂಹಲಕ್ಕೆ ಭೂತಗನ್ನಡಿಯ ಕೆಳಗೆ ಹಳೆಯ ಅಂಬಾಸಿಡರನ್ನು ಇಟ್ಟೆ. ಕುಂಚ ಎತ್ತಿದ ಕಡೆ ಬಣ್ಣ ಒಂದಿಷ್ಟು ಗುಪ್ಪೆಯಾಗಿ ನಿಲ್ಲುತ್ತದೆ. ನಾನು ಬಲಗೈಯವನು, ನನ್ನ ಗೆರೆಗಳೆಲ್ಲ ಎಡದಿಂದ ಹೊರಟು ಬಲಕ್ಕೆ ಮುಗಿಯುತ್ತವೆ. ಎಡಬದಿಯ ಕಾಡಿಗೆ ಗೆರೆಯೂ ಹಾಗೇ ಇತ್ತು. ಬಲಬದಿಯ ಬೆಳ್ಳಿ ಗೆರೆಗಳೆಲ್ಲ ಬಲದಿಂದ ಹೊರಟು ಎಡಕ್ಕೆ ಮುಗಿದಿದ್ದವು, ಒಂದೂ ಬಿಡದೆ. ಕಾಕಾ ಎಡಚ. ಲಿಂಗ ಎಡ ಅಂಗೈಯಲ್ಲಿ ಇರಬೇಕು, ಹೂವು ಬಲಗೈಯಲ್ಲಿ ಏರಿಸಬೇಕು ಎಂದು ಅಜ್ಜ ಅವನನ್ನು ಹೊಡೆದು ಕಲಿಸಿದ್ದನಂತೆ. ಹಾಗಾಗಿ ಪೂಜೆಗೆ ಬಲಗೈ, ಉಳಿದ ಎಲ್ಲದಕ್ಕೂ ಎಡಗೈ. ನನ್ನ ಬೆನ್ನ ಹಿಂದೆ ಕೂತ ಎಡಚ ನನ್ನ ಬಲಗೈ ಹಿಡಿದು ಅಂಥ ಗೆರೆ ಎಳೆಸುವುದು ಸಾಧ್ಯವೇ ಇಲ್ಲ. ಖಾಲಿ ಕೋಣೆಯಲ್ಲಿ ನಾನು ನಾಲ್ಕಾರು ತರಹ ಕೂತು ನೋಡಿದೆ. ಆಗಲಿಲ್ಲ. ಹಾಗಾದರೆ ಬೆನ್ನಿಗೆ ಹತ್ತಿದ ಆ ಎದೆಯ ಬಿಸಿ, ನಾನು ಅರ್ಧ ಶತಮಾನ ಕಾಯ್ದಿಟ್ಟುಕೊಂಡದ್ದು, ಎಲ್ಲಿಂದ ಬಂತು?

ಚಿಗವ್ವ ಈಗ ಗುಡಗೇರಿಯಲ್ಲಿ ತನ್ನ ತಂಗಿಯ ಮಗಳ ಮನೆಯಲ್ಲಿದ್ದಾಳೆ, ಸ್ಟೇಶನ್ನಿಗೆ ಕೂಗಳತೆಯ ದೂರ. ಕಾರನ್ನು ಕರವಸ್ತ್ರದಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಹೋದೆ. ಅವಳು ಹೊಸ್ತಿಲ ಬಳಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕಣ್ಣಿನ ಆಪರೇಶನ್ ಆಗಿ ಎಲ್ಲ ಸ್ವಚ್ಛ ಕಾಣುತ್ತದೆ ಎಂದು ಮೊದಲೇ ಹೇಳಿ, ನನ್ನ ಮುಖ ನೋಡಿ, “ಯಾಕ ಹಿಂಗ ಒಣಗೀದ್ಯೋ ತಮ್ಮಾ, ಮಾಡಿ ಹಾಕವ್ರಿಲ್ಲೇನು?” ಅಂದಳು. ಕಾರನ್ನು ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದಳು. ಎಡಬದಿ ನೋಡಿ ಒಂದು ಸಲ ನಕ್ಕಳು.

“ಈಬತ್ತಿ ಕಾರು! ಇನ್ನೂ ಇಟ್ಟೀದೇನಿದನ್ನ?”

“ಈ ಕಡಿ ಯಾರ್ ಮಾಡಿದ್ದು ಚಿಗವ್ವ?” ಬಲಬದಿ ತಿರುಗಿಸಿ ಕೇಳಿದೆ.

“ಯಾರಂದ್ರ? ನಿಮ್ಮ ಕಾಕಾ. ನೀ ಸಾಲಿಗೆ ಹೋದಾಗ.”

ಅವಳು ಹೇಳಿದ್ದನ್ನು ಅವಳ ಕ್ರಮದಲ್ಲೇ ಬರೆಯುತ್ತೇನೆ. ಸೋಮವಾರ, ಕಾಕಾನ ರಜೆಯ ದಿನ. ಒಣಗದ ಕಾಡಿಗೆಯನ್ನು ನಡುಹಗಲ ಬಿಸಿಲಾದರೂ ಒಣಗಿಸೀತೆಂದು ನಾನು ಕಾರನ್ನು ಸುಣ್ಣದ ಗೆರೆಯ ಮೇಲೆ ಉದ್ದಕ್ಕೆ, ಮೂತಿ ದೇವರ ಜಗಲಿಯ ಕಡೆ ಮಾಡಿ ಬಿಟ್ಟು ಸಾಲೆಗೆ ಹೋಗಿದ್ದೆ. ಕಾಕಾ ಡಬ್ಬಿ, ಕುಂಚ ತಂದು ಗೆರೆಯ ಬಾಜು ಕೂತ. ಚಿಗವ್ವ ಬೇಡವೆಂದಳು, ಮಾತು ಬಿಟ್ಟವರ ಸಾಮಾನು ಮುಟ್ಟಬಾರದು ಎಂದಳು.

“ಅದಕ್ಕ ಏನಂದ್ರು ಗೊತ್ತೇನು? ‘ಅರ್ಧಾ ನಮ್ಮ ಕಡಿ ಐತಲ್ಲ. ನಮ್ಮ ಪಾಲಿಗೆ ಬಂದಷ್ಟು ಮಾಡ್ತೇನಿ’ ಅಂದ್ರು. ಅಷ್ಟ ಮಾಡಿದ್ರು ನೋಡು. ಬಂಪರಾ ಸೈತ ನಡುವಿಗೆ ನಿಲ್ಲಿಸಿದ್ರು.”

ನಾನು ಬಂಪರು ನೋಡಿದೆ. ಬೆಳ್ಳಿ ಬಣ್ಣ ನಟ್ಟನಡುವೆ, ಚಾಕುವಿನಿಂದ ಕೊಯ್ದಂತೆ ನಿಂತಿತ್ತು. ಇಷ್ಟು ವರ್ಷ ಅದನ್ನು ಬಣ್ಣ ತೀರಿತ್ತೇನೋ ಎಂದುಕೊಂಡಿದ್ದೆ.

“ಉಸರ ಹಿಡಿ, ಕಾರ ತಿರಗಸು ಅಂತ ಕಾಕಾ ನನಗ ಹೇಳಿಕೊಟ್ಟಿದ್ದು ನೆನಪೈತಿ.”

“ನಿನಗಲ್ಲೋ, ಬೆಕ್ಕಿಗೆ! ಮುಂಜಾನೆದ್ದು ನೀ ಆ ಕಸಬರಿಗಿ ಕಡ್ಡಿ ಹಿಡ್ಕೊಂಡು ಕುಂತೀದಿ ಅಂದ್ರ ಸಾಕು, ನಮ್ಮ ಕಡಿಯಿಂದ ನಿಮ್ಮ ಕಾಕಾ ಬೆಕ್ಕನ್ನ ತೊಡಿಮ್ಯಾಲ ಕುಂದ್ರಿಸ್ಕೊಂಡು ಪಾಠಾ ಸುರು. ಬೆಕ್ಕ ಹೆಂಗ ಗೆರಿ ಎಳಿಬೇಕು ಅಂತ ಒಂದೂ ಬಿಡದಂಗ ಕಲ್ತಿತ್ತು ಬಿಡು.”

ನಾನು ನಗಲು ನೋಡಿದೆ. ಕಾಕಾನ ತೊಡೆಯ ಮೇಲೆ ಕೂತ ಬೆಕ್ಕು, ಅದರ ಬೆನ್ನಿಗೆ ಅವನ ಎದೆ. ಆ ಜಾಗದಲ್ಲಿ ನಾನು ನನ್ನನ್ನು ಕೂರಿಸಿಕೊಂಡಿದ್ದೆ. ಸಾಲೆಯಿಂದ ಬಂದ ಸಂಜೆ ಈಗ ನೆನಪಾಯಿತು, ಅಥವಾ ಆಯಿತೆಂದು ಅನ್ನಿಸಿತು: ಗೆರೆಯ ಮೇಲೆ ಕಾರು, ಅದರ ಒಂದು ಬದಿಗೆ ಹೊಳಪು, ಟರ್ಪಂಟೈನಿನ ವಾಸನೆ. ಯಾರ ಕೈಯೆಂದು ಗೊತ್ತಾಗಲು ನನಗೆ ಒಂದು ಗಳಿಗೆಯೂ ಬೇಕಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಕಾಕಾ ಮಾಡಿದ್ದೆಂದರೆ ಅಪ್ಪ ಅದನ್ನು ಆ ಕಡೆಗೆ ಎಸೆದಾನೆಂಬ ಹೆದರಿಕೆಯಿಂದ ‘ನಾನ’ ಎಂದೆ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಹೆದರಿಕೆ ಆಮೇಲೆ ಹುಟ್ಟಿಸಿಕೊಂಡ ಕಾರಣವಿರಬಹುದು. ಹೊಗಳಿಕೆ ಬೇಕಿತ್ತು ಎಂಬುದೇ ಹೆಚ್ಚು ಸರಿ ಕಾಣುತ್ತದೆ. ಚಿಗವ್ವನ ನೆನಪೂ ಒಂದು ನೆನಪೇ ಎಂದು ತರ್ಕ ಹೂಡಲು ನೋಡಿದೆ. ಅಷ್ಟರಲ್ಲಿ ಅವಳ ಹೆಬ್ಬೆರಳು ಬಾಗಿಲ ಹಿಡಿಕೆಯ ಮೇಲೆ ಬಂದು ನಿಂತಿತು.

“ಇದನ್ನ ನೀ ಹಚ್ಚಲೇ ಇಲ್ಲೇನು?”

“ಅದು ಕಾಕಾ ಮರೆತದ್ದಲ್ಲೇನು?”

“ಮರೀತಾರ ಅವರು! ಬೇಕಂತ ಬಿಟ್ಟಿದ್ರು. ‘ನಾನಾಗಿ ಮಾತಾಡ್ಸಂಗಿಲ್ಲ ಅಂತ ಆಣಿ ಮಾಡೇನಿ. ಹುಡುಗ ಬಂದು ಕೇಳಿದ್ರ ಉತ್ತರಾ ಕೊಡಬ್ಯಾಡ ಅಂತೇನು ಆಣಿಯಾಗಿಲ್ಲ. ಈ ಹಿಡಿಕಿ ಬಿಡ್ತೇನಿ. ಬೆಳ್ಳಿ ಬಣ್ಣ ಅಂವನ ಕಡಿ ಇಲ್ಲ, ನನ್ನ ಕಡಿ ಐತಿ. ಕೇಳಾಕ ಬರ್ತಾನ’ ಅಂದ್ರು. ಡಬ್ಬಿ ಮುಚ್ಚಳಾ ಸಡ್ಲ ಮಾಡಿ ಗೆರಿ ಬಾಜೂಕ ಇಟ್ಟಿದ್ರು. ನಾಲ್ಕೈದು ಸೋಮವಾರ ಇಟ್ರು. ಬಣ್ಣ ಗಟ್ಟ್ಯಾಗಿ ಹೋತು.”

ಸ್ಟೇಶನ್ನಿಗೆ ಗಾಡಿ ಬಂದು ನಿಂತ ಸದ್ದು ಕೇಳಿಸಿತು. ನಾನು ಹೋಗಬೇಕಾದ ಗಾಡಿ. ಏಳಲಿಲ್ಲ.

“ಇನ್ನರ ಹಚ್ಚು,” ಅಂದಳು ಚಿಗವ್ವ, ಕಾರನ್ನು ನನ್ನ ಎಡ ಅಂಗೈಯಲ್ಲಿ ಇಟ್ಟು. “ಊರ ಮಂದಿ ಕಾರಿಗೆಲ್ಲ ಹಚ್ತೀ ಅಂತಿ.”

“ನನ್ನ ಕಡಿ ಬೆಳ್ಳಿ ಬಣ್ಣ ಇಲ್ಲ ಚಿಗವ್ವ.”

ನವಲಗುಂದದ ನನ್ನ ಮೇಜಿನ ಮೇಲೆ ಬೆಳ್ಳಿ ಬಣ್ಣವೇ ಏಳೆಂಟು ಸೀಸೆಗಳಿವೆ. ಆದರೂ ಬಾಯಿಂದ ಬಂದದ್ದು ಆ ಮಾತು. ಅವಳು ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡಳು. ಜೋಳದ ಮೇಲೆ ಬಾಗಿ, ಒಂದು ಕಲ್ಲನ್ನು ಆರಿಸಿ ಹೊಸ್ತಿಲಾಚೆ ಎಸೆದಳು.

“ಕೇಳಬೇಕಿತ್ತಪಾ,” ಅಂದಳು.